ಸೇಸಪ್ಪ ಮತ್ತು ಮನಸ್ಸಿನ ಗಡಿಯಾರ

ಸೇಸಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ ಇಂಗ್ಲಿಷಿನ ಒಂದೇ ಒಂದು ಪದವನ್ನು ಅವನು ಕಣ್ಣು ಮುಚ್ಚಿಕೊಂಡು ಬೇಕಾದರೂ ಬರೆದು ತೋರಿಸಬಲ್ಲವನಾಗಿದ್ದ. ನಾಲ್ಕು ಅಕ್ಷರದ ಪದ. ಮಂಗಳೂರಿನ ಬಿಜೈ ಗುಡ್ಡದ ಮೇಲಿದ್ದ ಶಿಕ್ಷಕರ ತರಬೇತಿ ಶಾಲೆಯ ಕಪಾಟಿನೊಳಗೆ, ಕೆಂಪು ರಟ್ಟಿನ ದಪ್ಪ ಪುಸ್ತಕವೊಂದರ ಹದಿನಾಲ್ಕನೆಯ ಸಾಲಿನಲ್ಲಿ, ಅವನ ಹೆಸರಿನ ಮುಂದೆ ಆ ಪದ ಕೂತಿತ್ತು: ಸ್ಲೋ. ಮಂದ. ಅದನ್ನು ಅಲ್ಲಿ ಕೂರಿಸಿದವರು ಮೊರಿಸ್ ಸೆರಾವೊ ಎಂಬ ಪ್ರೊಫೆಸರು. ಅದನ್ನು ಅಲ್ಲಿಂದ ಹೊಡೆದು ಹಾಕಿಸಬೇಕೆಂದು ಸೇಸಪ್ಪ ಮೂವತ್ತೊಂದು ವರ್ಷ ಕಾದ. ಕಾಯುವುದರಲ್ಲಿ ಅವನಿಗೆ ಸಮನಾದವರು ಈ ಊರಿನಲ್ಲಿರಲಿಲ್ಲ. ನಿಜ ಹೇಳಬೇಕೆಂದರೆ ಆ ಪದ ಅವನ ಮೈಗೆ ಅಂಟಿಕೊಂಡದ್ದೂ ಅವನು ಕಾದದ್ದರಿಂದಲೇ.

ಸೇಸಪ್ಪ ಹುಟ್ಟಿ ಬೆಳೆದದ್ದು ಪಣಂಬೂರಿನ ಮರಳಿನಲ್ಲಿ. ಅವನ ಅಪ್ಪ ದುಗ್ಗಪ್ಪ ರಂಪಣಿಯ ನೋಟದವನು. ರಂಪಣಿ ಎಂದರೆ ಕಡಲಿನ ಒಂದು ತುಂಡನ್ನೇ ಸುತ್ತುವರಿದು ದಡಕ್ಕೆ ಎಳೆದು ತರುವ ಬಲೆ. ಎರಡು ಕಡೆಯ ಹಗ್ಗಕ್ಕೆ ಸೇರಿ ಎಂಬತ್ತು ಜನ ಬೇಕು. ನೋಟದವನು ದಿಬ್ಬದ ಮೇಲೆ ನಿಂತು ಮುಂಡಾಸು ಬಿಚ್ಚಿ ಬೀಸುವ ತನಕ ಆ ಎಂಬತ್ತು ಜನ ಮರಳಿನಲ್ಲಿ ಕೂತಿರಬೇಕು. ಬಂಗುಡೆ ಮೀನಿನ ಹಿಂಡು ನೀರಿನ ಮೇಲೆ ಕಪ್ಪು ಕಲೆಯಾಗಿ ಕಾಣುತ್ತದೆ. ಗಾಳಿ ತಾಗಿದಾಗಲೂ ನೀರಿನ ಮೇಲೆ ಅಂಥದೇ ಕಲೆ ಏಳುತ್ತದೆ. ಗಾಳಿಯನ್ನು ಮೀನೆಂದು ತಿಳಿದು ಮುಂಡಾಸು ಬೀಸಿದರೆ ದೋಣಿ ಇಳಿಯುತ್ತದೆ, ಹುಟ್ಟಿನ ಸದ್ದಿಗೆ ಹತ್ತಿರದಲ್ಲೆಲ್ಲೋ ಇದ್ದ ನಿಜವಾದ ಹಿಂಡೂ ತಿರುಗಿ ಹೋಗುತ್ತದೆ, ಎಂಬತ್ತು ಮನೆಯ ಒಲೆಯ ಮೇಲೆ ಅಂದು ಬರೀ ಗಂಜಿ. ಸೇಸಪ್ಪ ಹನ್ನೆರಡರ ವಯಸ್ಸಿನಲ್ಲಿ ಒಮ್ಮೆ ಅವಸರಪಟ್ಟು ಕೂಗಿದ್ದ. ದುಗ್ಗಪ್ಪ ಎಲ್ಲರ ಎದುರಿಗೆ ಅವನ ಬೆನ್ನಿಗೆ ಹಗ್ಗದಿಂದ ಬಾರಿಸಿ, "ಕಂಡದ್ದು ನಿಲ್ತದಾ ನೋಡು, ನಿಂತ ಮೇಲೆ ಕೈ ಎತ್ತು" ಎಂದು ಹೇಳಿಕೊಟ್ಟ. ಆ ಪೆಟ್ಟು ಅವನ ಮೈಯೊಳಗೆ ಹಾಗೆಯೇ ಉಳಿಯಿತು. ಇಪ್ಪತ್ತು ದಾಟುವಷ್ಟರಲ್ಲಿ ಅಪ್ಪನ ದಿಬ್ಬ ಅವನದಾಯಿತು, ಮತ್ತು ಅವನು ಬೀಸಿದ ಮುಂಡಾಸು ಒಂದು ದಿನವೂ ಸುಳ್ಳಾಗಲಿಲ್ಲ.

ಸಾವಿರದ ಒಂಬೈನೂರ ಹನ್ನೆರಡರಲ್ಲಿ ಬಲೆ ಎಳೆಯುವಾಗ ಹಗ್ಗ ಸುತ್ತಿಕೊಂಡು ಅವನ ಎಡಗಾಲಿನ ಪಾದ ಜಜ್ಜಿಹೋಯಿತು. ಕುಂಟುವವನಿಗೆ ಮರಳಿನಲ್ಲಿ ಕೆಲಸವಿಲ್ಲ. ಹೆಂಡತಿ ಸುಂದರಿ ಮೀನಿನ ಬುಟ್ಟಿ ಹೊತ್ತು ಮನೆ ಮನೆ ತಿರುಗಿದಳು. ಅವಳಿಂದ ಮೀನು ಕೊಳ್ಳುತ್ತಿದ್ದ ಒಂದು ಮನೆಯವರ ಮಾತಿನಿಂದ ಮರುವರ್ಷ ಸೇಸಪ್ಪನಿಗೆ ಬಿಜೈಯ ಆ ಶಾಲೆಯಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ಗಂಡ ಹೆಂಡತಿ ಬೋಳೂರಿಗೆ ಬಂದು ಗುಡಿಸಲು ಕಟ್ಟಿಕೊಂಡರು.

ಅದೇ ವರ್ಷ ಮೊರಿಸ್ ಸೆರಾವೊ ವಿಲಾಯತಿಯಿಂದ ಇಳಿದರು. ಕೊಂಕಣಿ ಕ್ರಿಸ್ತುವರ ದೊಡ್ಡ ಮನೆತನ, ಮದ್ರಾಸಿನ ಡಿಗ್ರಿ, ಅದರ ಮೇಲೆ ಎರಡು ವರ್ಷ ಹೊರದೇಶದಲ್ಲಿ ಮನಃಶಾಸ್ತ್ರ. ತುಳು ಮಾತಾಡುವವರು ಅಂಥ ಮನೆಯವರನ್ನು ಪೊರ್ಬುಗಳೆಂದು ಕರೆಯುವುದು ವಾಡಿಕೆ, ಸೇಸಪ್ಪನೂ ಹಾಗೆಯೇ ಕರೆದ. ಅವರ ಜೊತೆ ಹಡಗಿನಲ್ಲಿ ಆರು ಪೆಟ್ಟಿಗೆ ಬಂದಿದ್ದವು. ಹಿತ್ತಾಳೆಯ ಸಾಮಾನು, ತಂತಿ, ತಿರುಪು, ತಲೆಬುರುಡೆ ಅಳೆಯುವ ಇಕ್ಕುಳ. ಮನುಷ್ಯನ ಮನಸ್ಸನ್ನು ಇನ್ನು ಮುಂದೆ ಪೂಜಾರಿಯೂ ಪಾದ್ರಿಯೂ ನೋಡಬೇಕಾಗಿಲ್ಲ, ಯಂತ್ರವೇ ನೋಡುತ್ತದೆ ಎಂದು ಅವರು ಮೊದಲ ದಿನವೇ ವಿದ್ಯಾರ್ಥಿಗಳಿಗೆ ಹೇಳಿದರು. ಹೇಳುವಾಗ ಆ ಪೆಟ್ಟಿಗೆಗಳನ್ನು ಬಂದರಿನಿಂದ ಗುಡ್ಡದ ತನಕ ಗಾಡಿಯ ಹಿಂದೆ ಕುಂಟುತ್ತಾ ತಂದವನು ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ. ಅವನಿಗೆ ಒಂದು ಲೋಟ ನೀರು ಕೊಡಬೇಕೆಂದು ಯಾವ ಯಂತ್ರವೂ ಹೇಳಲಿಲ್ಲ.

ಮೊದಲಿನ ದಿನಗಳಲ್ಲಿ ಒಳಗೆ ನೋಡುವ ಫ್ಯಾಶನ್. ಮೇಜಿನ ಮೇಲೆ ಟಕ್ ಟಕ್ ಎನ್ನುವ ಒಂದು ತ್ರಿಕೋನದ ಪೆಟ್ಟಿಗೆ ಇಟ್ಟು, ಮೇಷ್ಟರಾಗಲು ಬಂದವರನ್ನು ಸಾಲಾಗಿ ಕೂರಿಸಿ, ಆ ಸದ್ದು ಕೇಳುವಾಗ ಮನಸ್ಸಿನೊಳಗೆ ಎಂತ ಆಗುತ್ತದೆಂದು ಹೇಳಿಸಿ ಬರೆದುಕೊಳ್ಳುವುದು. ಒಬ್ಬ ಹಿತ ಎನ್ನುತ್ತಿದ್ದ, ಇನ್ನೊಬ್ಬ ಬಿಗಿ ಎನ್ನುತ್ತಿದ್ದ, ಮೂರನೆಯವನು ಪಕ್ಕದವನ ಪುಸ್ತಕ ನೋಡಿ ಹಿತವಾದ ಬಿಗಿ ಎನ್ನುತ್ತಿದ್ದ. ಎಲ್ಲವೂ ವಿಜ್ಞಾನವಾಗುತ್ತಿತ್ತು. ಒಂದು ದಿನ ಪೊರ್ಬುಗಳಿಗೆ ಒಳ್ಳೆಯ ಮನಸ್ಸು ಬಂದು ಸೇಸಪ್ಪನನ್ನೂ ಕೂರಿಸಿದರು.

"ಕಣ್ಣು ಮುಚ್ಚು ಸೇಸಪ್ಪ. ಒಳಗೆ ಎಂತ ಕಾಣ್ತದೆ?"

"ಕಡಲು ಕಾಣ್ತದೆ ಪೊರ್ಬುಳೇ."

"ಅದು ನೆನಪು ಮಾರಾಯ. ಅದು ಬೇಡ. ಈಗ, ಈ ಗಳಿಗೆಯಲ್ಲಿ ಒಳಗೆ ಎಂತ ಉಂಟು?"

"ಕಾಲು ನೋಯ್ತಾ ಉಂಟು."

ತರಗತಿ ಗೊಳ್ಳೆಂದು ನಕ್ಕಿತು. ತರಬೇತಿ ಇಲ್ಲದವನ ಒಳಗು ವಿಜ್ಞಾನಕ್ಕೆ ಉಪಯೋಗಕ್ಕೆ ಬಾರದು ಎಂದು ಪೊರ್ಬುಗಳು ಎಲ್ಲರಿಗೂ ವಿವರಿಸಿದರು. ಸೇಸಪ್ಪ ಎದ್ದು ಹೋಗಿ ಕಸಬರಿಕೆ ಹಿಡಿದ. ತನಗೆ ಕಾಲು ನೋಯುವುದನ್ನು ತಾನು ಹೇಳಿದರೆ ಸುಳ್ಳು, ಅವರು ಬರೆದರೆ ನಿಜ, ಇದು ಎಲ್ಲಿಯ ನ್ಯಾಯ ಎಂದು ಅವನಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಅವನು ಆ ದಿನ ತರಗತಿಯನ್ನು ಎರಡು ಸಲ ಗುಡಿಸಿದ.

ಆಮೇಲೆ ಬಂದದ್ದು ಗಡಿಯಾರ. ಅದು ಹೀಗಿತ್ತು: ಒಂದು ಕಪ್ಪು ಮರದ ಪೆಟ್ಟಿಗೆ, ಅದಕ್ಕೊಂದು ದುಂಡು ತೂತು, ತೂತಿನ ಹಿಂದೆ ದೀಪ, ದೀಪಕ್ಕೆ ಅಡ್ಡ ಒಂದು ತಗಡು. ಹಿಂದೆ ನಿಂತವನು ಹಿಡಿಕೆ ಒತ್ತಿದರೆ ತಗಡು ಸರಿದು ದೀಪ ಕಾಣುತ್ತದೆ, ಅದೇ ಕ್ಷಣಕ್ಕೆ ಗಡಿಯಾರದ ಮುಳ್ಳು ಓಡಲು ಶುರು. ಎದುರಿಗೆ ಕೂತವನು ದೀಪ ಕಂಡ ಕೂಡಲೇ ಗುಂಡಿ ಒತ್ತಬೇಕು, ಮುಳ್ಳು ನಿಲ್ಲುತ್ತದೆ. ಒಂದು ಸೆಕೆಂಡನ್ನು ಸಾವಿರ ಚೂರು ಮಾಡಿ ಅದು ಲೆಕ್ಕ ಹೇಳುತ್ತಿತ್ತು. ಬುದ್ಧಿ ಎಷ್ಟು ಚುರುಕೆಂದು ಅದರಿಂದ ತಿಳಿಯುತ್ತದಂತೆ. ಮೇಷ್ಟರಾಗುವವರಿಗೆ ಇನ್ನೂರು, ಇನ್ನೂರ ಇಪ್ಪತ್ತು ಬಂತು. ಪೊರ್ಬುಗಳಿಗೆ ಸ್ವತಃ ನೂರ ನಲವತ್ತು. ಇಡೀ ಶಾಲೆಯಲ್ಲಿ ಅಷ್ಟು ಚುರುಕಿನವರು ಬೇರೆ ಇಲ್ಲ. ಮೀನುಗಾರರ ಪೈಕಿ ಒಬ್ಬನಾದರೂ ಬೇಕಿತ್ತು, ಏಕೆಂದರೆ ಕರಾವಳಿಯ ಜಾತಿಗಳ ಬುದ್ಧಿಯ ವೇಗವೆಂದು ಅವರು ಮದ್ರಾಸಿನ ಪತ್ರಿಕೆಗೆ ಲೇಖನ ಬರೆಯುತ್ತಿದ್ದರು. ಗುಡಿಸುತ್ತಿದ್ದವನನ್ನು ಕರೆದು ಕೂರಿಸಿದರು.

ದೀಪ ಬಂತು. ಸೇಸಪ್ಪ ನೋಡಿದ. ಕಂಡದ್ದು ನಿಲ್ಲುತ್ತದೆಯೇ, ನೋಡಿದ. ನಿಂತಿತು. ಒತ್ತಿದ. ಎಂಟುನೂರ ಎಪ್ಪತ್ತು.

ಹತ್ತು ಸಲ ಮಾಡಿಸಿದರು. ಹತ್ತು ಸಲವೂ ಅವನು ಪಣಂಬೂರಿನ ದಿಬ್ಬದ ಮೇಲೆ ನಿಂತವನ ಹಾಗೆಯೇ ಮಾಡಿದ. ಅವಸರಪಟ್ಟು ಒತ್ತಿದರೂ ನಷ್ಟವಿಲ್ಲ, ಯಾರ ಮನೆಯ ಒಲೆಯೂ ಆರುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಪೊರ್ಬುಗಳು ನಗುತ್ತಾ ಕೆಂಪು ರಟ್ಟಿನ ಪುಸ್ತಕದಲ್ಲಿ ಆ ನಾಲ್ಕಕ್ಷರ ಬರೆದರು. ಅದರ ಅರ್ಥವನ್ನು ಸಂಜೆ ಪ್ರೇಮನಾಥ ಎಂಬ ವಿದ್ಯಾರ್ಥಿ ಓದಿ ಹೇಳಿದ. ಮರುದಿನ ಬೆಳಿಗ್ಗೆ ಸೇಸಪ್ಪ ಪೊರ್ಬುಗಳ ಮೇಜಿನ ಎದುರು ನಿಂತ.

"ನಾನು ಮಂದ ಅಲ್ಲ ಪೊರ್ಬುಳೇ. ನಾನು ನೋಡಿ ಒತ್ತಿದ್ದು. ನಮ್ಮ ಕೆಲಸದಲ್ಲಿ ಹಾಗೆಯೇ. ಬೇಕಾದ್ರೆ ಇವತ್ತು ಬೇಗ ಒತ್ತಿ ತೋರಿಸ್ತೇನೆ. ಆ ಸಾಲು ಹೊಡೆದು ಹಾಕಿ."

"ನನಗೆ ಕಾರಣ ಬೇಡ ಸೇಸಪ್ಪ, ಸಂಖ್ಯೆ ಸಾಕು. ವಿಜ್ಞಾನದಲ್ಲಿ ಬರೆದದ್ದನ್ನು ಹೊಡೆಯುವುದಿಲ್ಲ."

ಇದು ಶುದ್ಧ ಸುಳ್ಳು. ಸುಳ್ಳೆಂದು ಸೇಸಪ್ಪನಿಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ, ಏಕೆಂದರೆ ಪೆಟ್ಟಿಗೆಯ ಹಿಂದೆ ನಿಂತು ಹಿಡಿಕೆ ಒತ್ತುವ ಕೆಲಸ ಅವನ ಪಾಲಿಗೇ ಬಂತು. ಊರಿಗೆ ಯಾವ ದೊಡ್ಡ ಮನುಷ್ಯ ಬಂದರೂ ಪೊರ್ಬುಗಳು ಗಡಿಯಾರದ ಎದುರು ಕೂತು ತಮ್ಮ ನೂರ ನಲವತ್ತನ್ನು ತೋರಿಸುವವರೇ. ಮಂಗಳೂರಿನ ಉಪ್ಪುಗಾಳಿಗೆ ಹಿಡಿಕೆಯ ಬುಡದಲ್ಲಿ ತುಕ್ಕು ಹಿಡಿದು, ಕೈ ಇಟ್ಟ ಕೂಡಲೇ ಅದು ಕಿರ್ ಎನ್ನುತ್ತಿತ್ತು, ಆಮೇಲೆ ತಗಡು ಸರಿಯುತ್ತಿತ್ತು. ಪೊರ್ಬುಗಳು ಒತ್ತುತ್ತಿದ್ದದ್ದು ಆ ಕಿರ್ ಎಂಬುದಕ್ಕೆ, ದೀಪಕ್ಕಲ್ಲ. ಎಷ್ಟೋ ಸಲ ದೀಪ ಬರುವುದಕ್ಕಿಂತ ಮೊದಲೇ ಅವರ ಬೆರಳು ಗುಂಡಿಯ ಮೇಲಿರುತ್ತಿತ್ತು. ಆಗ ಅವರು, "ಇದು ಲೆಕ್ಕಕ್ಕಿಲ್ಲ, ಇನ್ನೊಮ್ಮೆ" ಎಂದು ಪುಸ್ತಕದಲ್ಲಿ ಆ ಪ್ರಯತ್ನವನ್ನು ಹೊಡೆದು ಹಾಕುತ್ತಿದ್ದರು. ಬೇಕೆಂದೇ ಮೋಸ ಮಾಡಿದರೆಂದು ಸೇಸಪ್ಪ ಎಂದೂ ಹೇಳಲಿಲ್ಲ. ಕಿವಿ ಕೇಳಿದ್ದನ್ನು ಕಣ್ಣು ಕಂಡಿತೆಂದು ಅವರ ಮನಸ್ಸು ನಂಬಿತ್ತು. ಊರಿನವರ ಮನಸ್ಸನ್ನೆಲ್ಲ ಬಗೆದು ನೋಡಲು ಹೊರಟವರಿಗೆ ತಮ್ಮದರಲ್ಲಿ ಇದ್ದ ಇಷ್ಟು ದೊಡ್ಡ ತೂತು ಕಾಣಲಿಲ್ಲ.

ಸೇಸಪ್ಪ ಬಾಯಿ ಬಿಡಲಿಲ್ಲ. ಕಂಡದ್ದು ನಿಲ್ಲುತ್ತದೆಯೇ ಎಂದು ನೋಡುತ್ತಾ ಇದ್ದ. ಹದಿನೆಂಟು ವರ್ಷ ನೋಡಿದ.

ಅಷ್ಟರಲ್ಲಿ ಜರ್ಮನಿಯ ಯುದ್ಧ ಬಂದು ಹೋಯಿತು, ಮನಃಶಾಸ್ತ್ರದ ಫ್ಯಾಶನ್ ಬದಲಾಯಿತು. ಒಳಗೆ ನೋಡುವುದು ಯಾರಿಗೂ ಬೇಡವಾಯಿತು. ಟಕ್ ಟಕ್ ಪೆಟ್ಟಿಗೆ ಅಟ್ಟ ಸೇರಿತು. ಅಮೆರಿಕದಲ್ಲಿ ಲಕ್ಷಗಟ್ಟಲೆ ಸಿಪಾಯಿಗಳಿಗೆ ಪ್ರಶ್ನೆಪತ್ರಿಕೆ ಕೊಟ್ಟು ಬುದ್ಧಿ ಅಳೆದರೆಂದು ಸುದ್ದಿ ಬಂದದ್ದೇ ಸಾಕು, ಪೊರ್ಬುಗಳೂ ಅಂಥದೇ ಪ್ರಶ್ನೆಪತ್ರಿಕೆ ತರಿಸಿ ಕನ್ನಡಕ್ಕೆ ಇಳಿಸಿದರು. ಮನುಷ್ಯನಿಗೆ ಹುಟ್ಟಿದ ದಿನದಿಂದ ಒಂದು ವಯಸ್ಸು, ಬುದ್ಧಿಗೆ ಬೇರೆಯೇ ಒಂದು ವಯಸ್ಸು ಎಂಬ ಹೊಸ ಮಾತು ಹುಟ್ಟಿತು. ಹಿಮದ ಮೇಲೆ ಜಾರುವ ಗಾಡಿಯ ಚಿತ್ರ ಕೊಟ್ಟು ಇದರಲ್ಲಿ ಎಂತ ಇಲ್ಲ ಎಂದು ಬೋಳೂರಿನ ಮಕ್ಕಳನ್ನು ಕೇಳಿದರು. ಮಕ್ಕಳು ಚಕ್ರವಿಲ್ಲ ಎಂದರು. ಎಳೆಯುವ ಹಗ್ಗವಿಲ್ಲ ಎಂಬುದು ಸರಿಯುತ್ತರ. ಹಿಮವನ್ನು ಅದುವರೆಗೆ ಚಿತ್ರದಲ್ಲಿಯೂ ನೋಡದ ಮಕ್ಕಳು ಹೀಗೆ ದಡ್ಡರಾದರು.

ಸೇಸಪ್ಪನ ಮಗಳು ದಮಯಂತಿ ಅದೇ ಗುಡ್ಡದ ಮಾದರಿ ಶಾಲೆಯಲ್ಲಿ ಐದನೆಯ ತರಗತಿ ಮುಗಿಸಿದಾಗ ಅವಳಿಗೆ ಹನ್ನೊಂದು. ಮೂರು ಮಕ್ಕಳನ್ನು ಕಳೆದುಕೊಂಡ ಮೇಲೆ ಉಳಿದವಳು. ಅವಳು ಟೀಚರ್ ಆಗಬೇಕೆಂದು ಸುಂದರಿ ಅವಳ ತಲೆಯ ಮೇಲೆ ಒಂದು ದಿನವೂ ಬುಟ್ಟಿ ಇಟ್ಟಿರಲಿಲ್ಲ. ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಪೊರ್ಬುಗಳು ಹೊಸ ನಿಯಮ ತಂದರು: ಐದು ಮುಗಿಸಿದ ಮಕ್ಕಳಿಗೆಲ್ಲ ಬುದ್ಧಿಪರೀಕ್ಷೆ. ಅರ್ಧ ಗಂಟೆ, ನಲವತ್ತು ಪ್ರಶ್ನೆ. ಇಪ್ಪತ್ತೆರಡು ಸರಿಯಾದರೆ ಆರನೆಯ ತರಗತಿ, ಆಗದಿದ್ದರೆ ಕೈಕೆಲಸದ ವಿಭಾಗ. ಅಲ್ಲಿ ತೆಂಗಿನ ನಾರು ಹೊಸೆಯುವುದು, ಬಲೆ ಹೆಣೆಯುವುದು. ಒಮ್ಮೆ ಅಲ್ಲಿಗೆ ಹೋದ ಮಗು ಮತ್ತೆ ಪುಸ್ತಕದ ಕಡೆಗೆ ಬರುವಂತಿಲ್ಲ.

ದಮಯಂತಿ ಅರ್ಧ ಗಂಟೆಯಲ್ಲಿ ಮಾಡಿದ್ದು ಹತ್ತೊಂಬತ್ತು ಪ್ರಶ್ನೆ. ಹತ್ತೊಂಬತ್ತೂ ಸರಿ. ಪಕ್ಕದಲ್ಲಿ ಕೂತವರು ಮೂವತ್ತೈದಕ್ಕೆ ಕೈ ಹಾಕಿ ಹನ್ನೆರಡು ತಪ್ಪು ಮಾಡಿ ತೇರ್ಗಡೆಯಾದರು.

ಸಂಜೆ ಮನೆಯಲ್ಲಿ ಸುಂದರಿ ಮಗಳ ಎದುರು ಕೂತು ಕೇಳಿದಳು. "ಎಂತಕ್ಕೆ ಅಷ್ಟೇ ಮಾಡಿದ್ದು? ಗೊತ್ತಿರ್ಲಿಲ್ವಾ?"

"ಎಲ್ಲ ಗೊತ್ತಿತ್ತು ಅಮ್ಮ. ಒಂದೊಂದನ್ನೂ ಎರಡೆರಡು ಸಲ ನೋಡಿ ಬರೆದೆ. ಅಪ್ಪನೇ ಹೇಳಿದ್ದಲ್ವಾ, ಕಂಡದ್ದು ನಿಂತ ಮೇಲೆ ಕೈ ಎತ್ತಬೇಕು ಅಂತ."

ಸುಂದರಿ ಗಂಡನ ಮುಖ ನೋಡಿದಳು. "ನಿಮ್ಮ ಕಡಲಿನ ಬುದ್ಧಿ ನನ್ನ ಮಗಳ ತಲೆಗೆ ಯಾಕೆ ತುಂಬಿಸಿದ್ದು? ಇನ್ನು ಅವಳು ಬಲೆ ಹೆಣೀಲಿ, ನೀವು ಆ ಪೊರ್ಬುಗಳ ಮೇಜು ಒರೆಸಿ!" ಎಂದು ಕೂಗಿ ಹಿತ್ತಿಲಿಗೆ ಹೋದಳು. ಸೇಸಪ್ಪನ ಮೈಗೆ ಅಂಟಿದ್ದ ಪದ ಈಗ ಮಗಳಿಗೂ ಅಂಟುತ್ತಿತ್ತು, ಅದನ್ನು ಅಂಟಿಸಿದ ಕೈಗಳಲ್ಲಿ ಒಂದು ಅವನದೇ ಆಗಿತ್ತು.

ಮರುದಿನ ಅವನು ಎರಡನೆಯ ಬಾರಿ ಆ ಮೇಜಿನ ಎದುರು ನಿಂತ. ಮಗಳಿಗೆ ಇನ್ನೊಮ್ಮೆ ಪರೀಕ್ಷೆ ಕೊಡಿ ಎಂದ. ಪೊರ್ಬುಗಳು ಕಪಾಟಿನಿಂದ ಕೆಂಪು ಪುಸ್ತಕ ತೆಗೆಸಿ, ಹದಿನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟರು.

"ನೋಡು. ಹದಿನೆಂಟು ವರ್ಷದ ಹಿಂದೆ ನೀನು. ಈಗ ಅವಳು. ಇದು ರಕ್ತದಲ್ಲಿ ಬರ್ತದೆ. ನಿನ್ನ ಮಗಳಿಗೆ ಹನ್ನೊಂದು ವರ್ಷ, ಅವಳ ಬುದ್ಧಿಗೆ ಎಂಟು."

"ಹಾಗಾದ್ರೆ ಉಳಿದ ಮೂರು ವರ್ಷ ಅವಳು ಎಲ್ಲಿದ್ದಳು ಪೊರ್ಬುಳೇ?"

"ಅಧಿಕಪ್ರಸಂಗ ಬೇಡ."

"ಹತ್ತೊಂಬತ್ತೂ ಸರಿ ಉಂಟು. ಒಂದಾದ್ರೂ ತಪ್ಪು ತೋರಿಸಿ."

"ತಪ್ಪಿನ ಪ್ರಶ್ನೆ ಅಲ್ಲ. ವೇಗದ ಪ್ರಶ್ನೆ. ಪಟ್ಟಿ ತಯಾರಾಗಿದೆ, ಗುರುವಾರ ಇನ್‌ಸ್ಪೆಕ್ಟ್ರೆಸ್ ಬಾಯಿ ಬಂದು ಸಹಿ ಹಾಕ್ತಾರೆ. ಹೋಗು, ದೀಪದ ಗಾಜು ಒರೆಸಿಡು. ಅವರಿಗೆ ಗಡಿಯಾರ ತೋರಿಸ್ಲಿಕ್ಕುಂಟು."

ಸೇಸಪ್ಪ ಗಾಜು ಒರೆಸಿದ. ಹಿಡಿಕೆಗೆ ಎಣ್ಣೆ ಹಾಕಲಿಲ್ಲ. ಮೂರು ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಪೆಟ್ಟಿಗೆಯ ಹಿಂದೆ ನಿಂತು, ತಗಡು ಸರಿಯದ ಹಾಗೆ ಬರೀ ಕಿರ್ ಎನಿಸುವುದನ್ನು ಅಭ್ಯಾಸ ಮಾಡಿದ. ಹಿಡಿಕೆಯನ್ನು ಒಂದು ನೂಲಿನಷ್ಟು ಒತ್ತಿ ಬಿಟ್ಟರೆ ಸಾಕಿತ್ತು.

ಇನ್‌ಸ್ಪೆಕ್ಟ್ರೆಸ್ ಮಟಿಲ್ಡಾ ಬಾಯಿ ಹೆಣ್ಣುಮಕ್ಕಳ ಶಾಲೆಗಳನ್ನು ತಪಾಸಣೆ ಮಾಡುವವರು. ಅದಕ್ಕಿಂತ ಮೊದಲು ಇಪ್ಪತ್ತು ವರ್ಷ ಗಣಿತ ಕಲಿಸಿದವರು. ನಗುವುದು ಕಡಿಮೆ, ಕನ್ನಡಕದ ಮೇಲಿನಿಂದ ನೋಡುವುದು ಜಾಸ್ತಿ. ಗುರುವಾರ ಬಂದರು. ತರಗತಿ ನೋಡಿದರು, ಕೈಕೆಲಸದ ವಿಭಾಗ ನೋಡಿದರು. ಸಹಿಗೆ ಕಾದಿದ್ದ ಪಟ್ಟಿ ಮೇಜಿನ ಮೇಲಿತ್ತು, ಅದರಲ್ಲಿ ದಮಯಂತಿಯ ಹೆಸರು ಮೂರನೆಯದು. ಪೊರ್ಬುಗಳು ಅದಕ್ಕಿಂತ ಮೊದಲು ಬಾಯಿಯವರನ್ನು ಗಡಿಯಾರದ ಪಕ್ಕ ಕೂರಿಸಿ, ತಾವು ಗುಂಡಿಯ ಮೇಲೆ ಬೆರಳಿಟ್ಟು, "ಹ್ಞಾಂ, ಸೇಸಪ್ಪ" ಎಂದರು.

ಕಿರ್.

ಬೆರಳು ಒತ್ತಿತು. ತೂತು ಕತ್ತಲೆಯಾಗಿಯೇ ಇತ್ತು.

"ಇದು ಲೆಕ್ಕಕ್ಕಿಲ್ಲ. ಇನ್ನೊಮ್ಮೆ."

ಕಿರ್. ಬೆರಳು ಒತ್ತಿತು. ಮುಳ್ಳು ಕದಲಲಿಲ್ಲ.

"ಇನ್ನೊಮ್ಮೆ."

ಐದು ಸಲ ಹೀಗಾಯಿತು. ಐದು ಸಲವೂ ಕಾಣದ ದೀಪಕ್ಕೆ ಆ ಬೆರಳು ಒತ್ತಿತು. ಮಟಿಲ್ಡಾ ಬಾಯಿ ಮುಂದಕ್ಕೆ ಬಾಗಿ ತೂತನ್ನು ನೋಡಿದರು, ಆಮೇಲೆ ಬೆರಳನ್ನು ನೋಡಿದರು. "ದೀಪ ಎಲ್ಲಿ ಬಂತು ಸೆರಾವೊ?" ಎಂದು ಕೇಳಿದರು.

ಸೇಸಪ್ಪ ಪೆಟ್ಟಿಗೆಯ ಹಿಂದಿನಿಂದ ಈಚೆಗೆ ಬಂದ. ಹದಿನೆಂಟು ವರ್ಷ ನೋಡಿದ್ದು ನಿಂತಿತ್ತು, ಅವನು ಕೈ ಎತ್ತಿದ.

"ಕಣ್ಣು ಮುಚ್ಚಿ ಹೇಳಿ ಪೊರ್ಬುಳೇ. ಒಳಗೆ ಎಂತ ಕಂಡಿತು ನಿಮಗೆ?"

ಪೊರ್ಬುಗಳ ಮುಖ ಕೆಂಪಡರಿತು. "ಮಷೀನು ಹಾಳು ಮಾಡಿ ಇಟ್ಟಿದ್ದೀಯಾ ನಾಯಿ! ಹೊರಗೆ ನಡಿ!" ಎಂದು ಅರಚಿದರು.

ಸೇಸಪ್ಪ ಹೊರಗೆ ಹೋಗಲಿಲ್ಲ. ಕಪಾಟು ತೆರೆದು ಕೆಂಪು ಪುಸ್ತಕ ತಂದು ಬಾಯಿಯವರ ಮುಂದೆ ಬಿಡಿಸಿಟ್ಟ. ಯಾವ ಹಾಳೆ ಎಂದು ಅವನಿಗೆ ಹುಡುಕಬೇಕಾಗಿರಲಿಲ್ಲ. ಮಟಿಲ್ಡಾ ಬಾಯಿ ಪೆನ್ಸಿಲಿನ ತುದಿಯಿಂದ ಎಣಿಸಿದರು. ಪ್ರೊಫೆಸರರ ಹೆಸರಿನ ಎದುರು ನಲವತ್ತು ಪ್ರಯತ್ನ, ಅದರಲ್ಲಿ ಹದಿಮೂರನ್ನು ಹೊಡೆದು ಹಾಕಲಾಗಿತ್ತು. ಸೇಸಪ್ಪನ ಹೆಸರಿನ ಎದುರು ಹತ್ತು ಪ್ರಯತ್ನ, ಹೊಡೆದದ್ದು ಒಂದೂ ಇಲ್ಲ. ಅವರು ಕನ್ನಡಕ ತೆಗೆದು, "ನೀನು ಯಾಕೆ ಅಷ್ಟು ತಡ ಮಾಡಿದ್ದು?" ಎಂದು ಸೇಸಪ್ಪನನ್ನೇ ಕೇಳಿದರು. ಆ ಪ್ರಶ್ನೆಯನ್ನು ಆ ಗುಡ್ಡದಲ್ಲಿ ಅವನಿಗೆ ಕೇಳಿದವರು ಅವರೊಬ್ಬರೇ. ಅವನು ದಿಬ್ಬದ ವಿಷಯ ಹೇಳಿದ, ಎಂಬತ್ತು ಜನರ ವಿಷಯ ಹೇಳಿದ, ಬೆನ್ನಿಗೆ ಬಿದ್ದ ಹಗ್ಗದ ವಿಷಯವನ್ನೂ ಹೇಳಿದ.

ಬಾಯಿಯವರು ದಮಯಂತಿಯನ್ನು ಕರೆಸಿ, ಉಳಿದ ಇಪ್ಪತ್ತೊಂದು ಪ್ರಶ್ನೆಗಳನ್ನು ತಮ್ಮ ಎದುರಿಗೇ ಮಾಡಿಸಿದರು. ಗಡಿಯಾರಕ್ಕೆ ಬಟ್ಟೆ ಮುಚ್ಚಿಸಿದರು. ಹುಡುಗಿ ಒಂದೊಂದನ್ನೂ ಎರಡು ಸಲ ನೋಡಿ ಬರೆದಳು. ಇಪ್ಪತ್ತು ಸರಿ, ಒಂದು ತಪ್ಪು: ಹಿಮದ ಗಾಡಿಗೆ ಚಕ್ರವಿಲ್ಲ ಎಂದು ಬರೆದಿದ್ದಳು. "ನಾನಾದ್ರೂ ಅದನ್ನೇ ಬರೀತಿದ್ದೆ" ಎಂದು ಮಟಿಲ್ಡಾ ಬಾಯಿ ಪಟ್ಟಿಯಿಂದ ಮೂರನೆಯ ಹೆಸರನ್ನು ಕತ್ತರಿಸಿ ಸಹಿ ಹಾಕಿದರು. ಪಟ್ಟಿಯಲ್ಲಿದ್ದ ಉಳಿದ ಹನ್ನೊಂದು ಮಕ್ಕಳಿಗೂ ಬರುವ ವಾರ ಗಡಿಯಾರವಿಲ್ಲದೆ ಪರೀಕ್ಷೆಯಾಗಲಿ ಎಂದು ಬರೆದರು. ಹೊರಡುವಾಗ ಸೇಸಪ್ಪ ಹಿಂದಿನಿಂದ ಕುಂಟುತ್ತಾ ಹೋಗಿ, "ಬಾಯಮ್ಮ, ಆ ಪುಸ್ತಕದ ಪದ?" ಎಂದು ಕೇಳಿದ.

"ಅದು ಅವರ ಪುಸ್ತಕ ಸೇಸಪ್ಪ. ನಾನು ಹೊಡೀಲಿಕ್ಕಾಗುದಿಲ್ಲ. ಅವರೇ ಹೊಡೀಬೇಕು."

ಅವರೇನು ಹೊಡೆಯುವವರೇ! ಮಷೀನು ಕೆಟ್ಟಿತ್ತು, ಆಳು ಕೆಡಿಸಿದ್ದ ಎಂದು ಊರಿಗೆಲ್ಲ ಹೇಳಿದರು, ಹೇಳುತ್ತಾ ಹೇಳುತ್ತಾ ತಾವೇ ಅದನ್ನು ನಂಬಿದರು. ಕೆಲಸದಿಂದ ತೆಗೆಯಲು ಬಾಯಿಯವರ ಹೆದರಿಕೆ. ಹಾಗಾಗಿ ಸೇಸಪ್ಪನನ್ನು ಹಿತ್ತಿಲಿನ ಕೋಣೆಗೆ ಹಾಕಿದರು. ಮುಂದೆ ಹದಿಮೂರು ವರ್ಷ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ; ಏನಾದರೂ ಬೇಕಾದರೆ ಗೋಡೆಗೆ ಹೇಳುವವರ ಹಾಗೆ ಹೇಳುತ್ತಿದ್ದರು. ಅವನೂ ಗೋಡೆಯ ಹಾಗೆಯೇ ಕೇಳಿಸಿಕೊಂಡ. ಇಬ್ಬರ ನಡುವಿನ ಆ ಹಗೆ ಎಷ್ಟು ಹಳೆಯದಾಯಿತೆಂದರೆ, ಒಬ್ಬರ ಕೆಮ್ಮು ಕೇಳಿದರೆ ಇನ್ನೊಬ್ಬರಿಗೆ ಅನ್ನ ಸೇರುತ್ತಿರಲಿಲ್ಲ.

ಹಿತ್ತಿಲಿನ ಕೋಣೆಗೆ ಮೂವತ್ತೇಳರಲ್ಲಿ ಇಲಿಗಳು ಬಂದವು. ಮನಃಶಾಸ್ತ್ರಕ್ಕೆ ಈಗ ಮನಸ್ಸೇ ಬೇಡವಾಗಿತ್ತು, ನಡತೆ ಸಾಕಿತ್ತು. ಪೊರ್ಬುಗಳು ಹಲಗೆಯಲ್ಲಿ ಸುತ್ತುಬಳಸಿನ ಓಣಿ ಕಟ್ಟಿಸಿ, ಕೊನೆಯಲ್ಲಿ ಒಣಮೀನಿನ ತುಂಡು ಇಟ್ಟು, ಇಲಿ ಎಷ್ಟು ಬೇಗ ದಾರಿ ಕಲಿಯುತ್ತದೆಂದು ನೋಡುತ್ತಿದ್ದರು. ಇಲಿಗೆ ಅನ್ನ ಹಾಕುವವನು, ಅದರ ಹೇಲು ಬಳಿಯುವವನು ಸೇಸಪ್ಪ. ಮೊದಲು ಮನುಷ್ಯನಿಗೆ ಒಳಗೆ ಏನಿದೆ ಎಂದು ಕೇಳಿದರು, ಆಮೇಲೆ ಅವನು ಎಷ್ಟು ಬೇಗ ಎಂದು ಕೇಳಿದರು, ಈಗ ಇಲಿಯನ್ನು ಕೇಳುತ್ತಿದ್ದಾರೆ ಎಂದು ಅವನು ಮನೆಯಲ್ಲಿ ಹೇಳಿದಾಗ ಸುಂದರಿ, "ಇಲಿಯಾದ್ರೂ ಕಚ್ತದೆ" ಎಂದಳು.

ದಮಯಂತಿ ಓದಿದಳು, ಅದೇ ಗುಡ್ಡದಲ್ಲಿ ತರಬೇತಿ ಮುಗಿಸಿದಳು, ಬೋಳೂರಿನ ಶಾಲೆಯಲ್ಲಿ ಟೀಚರ್ ಆದಳು. ಪ್ರಶ್ನೆ ಕೇಳಿ ಮಕ್ಕಳ ಉತ್ತರಕ್ಕೆ ಬಹಳ ಹೊತ್ತು ಕಾಯುವ ಟೀಚರ್ ಎಂದು ಅವಳಿಗೆ ಹೆಸರು.

ನಲವತ್ತನಾಲ್ಕರಲ್ಲಿ ಪೊರ್ಬುಗಳು ನಿವೃತ್ತರಾದರು. ಬೀಳ್ಕೊಡುಗೆಯ ಚಹಾಕ್ಕೆ ಹಳೆಯ ವಿದ್ಯಾರ್ಥಿಗಳೂ ಬಂದಿದ್ದರು, ದಮಯಂತಿಯೂ ಬಂದಿದ್ದಳು. ಆ ಬೆಳಿಗ್ಗೆ ಸೇಸಪ್ಪ ಮೂರನೆಯ ಮತ್ತು ಕೊನೆಯ ಬಾರಿ ಆ ಮೇಜಿನ ಎದುರು ನಿಂತ. ಅವನ ತಲೆ ಬೆಳ್ಳಗಾಗಿತ್ತು.

"ನಾಳೆಯಿಂದ ನೀವಿಲ್ಲ ಪೊರ್ಬುಳೇ. ಆ ಪುಸ್ತಕ ಲೈಬ್ರರಿಗೆ ಹೋಗ್ತದೆ, ನಾವು ಸತ್ತ ಮೇಲೂ ಇರ್ತದೆ. ಹದಿನಾಲ್ಕನೇ ಸಾಲು ಹೊಡೆದು ಹಾಕಿ. ನಾನು ಬೇರೆ ಎಂತದೂ ಕೇಳ್ಳಿಲ್ಲ ನಿಮ್ಮಲ್ಲಿ."

ಪೊರ್ಬುಗಳು ಹದಿಮೂರು ವರ್ಷದ ನಂತರ ಅವನ ಮುಖ ನೋಡಿದರು. "ವಿಜ್ಞಾನದಲ್ಲಿ ಬರೆದದ್ದನ್ನು ಹೊಡೆಯುವುದಿಲ್ಲ" ಎಂದರು.

ಸೇಸಪ್ಪ ತಲೆಯಾಡಿಸಿ ಹೊರಬಂದ. ಹೊಸದಾಗಿ ಬಂದಿದ್ದ ಲೆಕ್ಚರರ್ ಚಿತ್ತರಂಜನ ಬೀಳ್ಕೊಡುಗೆಗೆಂದು ಹಳೆಯ ಸಾಮಾನುಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿಟ್ಟಿದ್ದ. ಸೇಸಪ್ಪ ಕಪ್ಪು ಪೆಟ್ಟಿಗೆಯ ಹಿಂದೆ ಹೋಗಿ, ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ, ಹಿಡಿಕೆಯ ಬುಡಕ್ಕೆ ತೆಂಗಿನೆಣ್ಣೆ ಬಿಟ್ಟು, ತುಕ್ಕು ಒರೆಸಿ, ಮತ್ತೆ ಬಿಟ್ಟ. ಒತ್ತಿ ನೋಡಿದ. ಹಿಡಿಕೆ ಸದ್ದಿಲ್ಲದೆ ಇಳಿಯಿತು.

ಭಾಷಣ ಮುಗಿದ ಮೇಲೆ ಚಿತ್ತರಂಜನ, "ಸರ್, ನಿಮ್ಮ ನೂರ ನಲವತ್ತನ್ನು ನಾವ್ಯಾರೂ ನೋಡಿಲ್ಲ. ಒಮ್ಮೆ ತೋರಿಸ್ಬೇಕು" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಾರ ಹಾಕಿಕೊಂಡಿದ್ದ ಪೊರ್ಬುಗಳು ಗಡಿಯಾರದ ಎದುರು ಕೂತು ಗುಂಡಿಯ ಮೇಲೆ ಬೆರಳಿಟ್ಟರು. ಪೆಟ್ಟಿಗೆಯ ಹಿಂದೆ ಯಾರು ನಿಂತಿದ್ದಾರೆಂದು ಇಣುಕಿ ನೋಡಲಿಲ್ಲ. ಕಿವಿ ಮಾತ್ರ ನಿಮಿರಿತ್ತು.

ಸೇಸಪ್ಪ ಒತ್ತಿದ. ದೀಪ ಬಂತು. ಪೊರ್ಬುಗಳು ಸದ್ದಿಗೆ ಕಾಯುತ್ತಾ ದೀಪವನ್ನು ನೋಡಿದರು. ದೀಪ ನಿಂತೇ ಇತ್ತು. ಮುಳ್ಳು ಇನ್ನೂರು ದಾಟಿತು, ಐನೂರು ದಾಟಿತು, ಒಂಬೈನೂರು ದಾಟಿತು. ಆಗ ಬೆರಳು ಬೆಚ್ಚಿಬಿದ್ದು ಒತ್ತಿತು. ಒಂಬೈನೂರ ಅರವತ್ತು.

ಸೇಸಪ್ಪ ಈಚೆಗೆ ಬಂದು ಮೇಜಿನ ಮೇಲಿದ್ದ ಕೆಂಪು ಪುಸ್ತಕ ಬಿಡಿಸಿದ, ಮಗಳ ಕೈಯಿಂದ ಪೆನ್ನು ತೆಗೆದುಕೊಂಡ.

"ಮೊದಲ ಸಲ ನೀವು ದೀಪ ಕಂಡ ಮೇಲೆ ಒತ್ತಿದ್ದೀರಿ ಪೊರ್ಬುಳೇ" ಎಂದ. ಅವರ ಹೆಸರಿನ ಎದುರಿದ್ದ ಸಾಲುಗಳ ಕೊನೆಯಲ್ಲಿ ಒಂಬೈನೂರ ಅರವತ್ತು ಎಂದು ಬರೆದ.

"ಅದು ಲೆಕ್ಕಕ್ಕಿಲ್ಲ" ಎಂದರು ಪೊರ್ಬುಗಳು. "ಹೊಡೆದು ಹಾಕು ಅದನ್ನು."

"ವಿಜ್ಞಾನದಲ್ಲಿ ಬರೆದದ್ದನ್ನು ಹೊಡೆಯುವುದಿಲ್ಲ."

ಆಮೇಲೆ ಇಂಗ್ಲಿಷ್ ಬಾರದ ಸೇಸಪ್ಪ ಬಗ್ಗಿ ನಿಂತು, ಆ ಸಂಖ್ಯೆಯ ಮುಂದೆ, ತನಗೆ ಗೊತ್ತಿದ್ದ ಆ ನಾಲ್ಕು ಅಕ್ಷರಗಳನ್ನು ಒಂದೊಂದಾಗಿ, ಸ್ವಲ್ಪವೂ ಅವಸರವಿಲ್ಲದೆ ಬರೆದ. ಶಾಯಿ ಒಣಗುವ ತನಕ ಪುಸ್ತಕ ಮುಚ್ಚದೆ ಅಲ್ಲಿಯೇ ಕಾದ.